ಆರೋಪಿಯಿಂದ ಅಪರಾಧಿಯವರೆಗೆ: ಎರಡು ಮೂಟೆ ಅಡಿಕೆಯ ಕೇಸು

ಟಿವಿಯಲ್ಲಿ "ಆರೋಪಿ ಬಂಧನ" ಅಂತ ಸುದ್ದಿ ಬಂದ ಕೂಡಲೇ ಮನೆಯಲ್ಲಿ ಯಾರಾದರೂ "ಅಂತೂ ಕಳ್ಳ ಸಿಕ್ಕಿಬಿದ್ದ" ಅಂದುಬಿಡುತ್ತಾರೆ. ನಾವೆಲ್ಲ ಹಾಗೆ ಅಂದವರೇ. ಕ್ರಿಮಿನಲ್ ಕಾನೂನು ಓದಲು ಕೂತವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಆರೋಪಿ ಅಂದರೆ ಆರೋಪ ಹೊತ್ತವರು. ಅಪರಾಧಿ ಅಂದರೆ ಆ ಆರೋಪ ಕೋರ್ಟಿನಲ್ಲಿ ಸಾಬೀತಾದವರು. ಈ ಎರಡು ಪದಗಳ ನಡುವೆ ಠಾಣೆ, ಮ್ಯಾಜಿಸ್ಟ್ರೇಟ್, ಸರ್ಕಾರಿ ವಕೀಲರು, ಸಾಕ್ಷಿ, ಪಾಟಿ ಸವಾಲು, ತೀರ್ಪು, ಮೇಲ್ಮನವಿ ಎಲ್ಲ ಬರುತ್ತವೆ. ಆ ದಾರಿಯಲ್ಲಿ ಒಮ್ಮೆ ನಡೆದು ಬಂದರೆ ನಮ್ಮ ಕೋರ್ಟುಗಳು ಯಾಕೆ ಹೀಗಿವೆ ಅನ್ನೋದು ತಾನಾಗಿ ತಿಳಿಯುತ್ತದೆ.

ಅದಕ್ಕೆ ಒಂದು ಕೇಸು ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಸುಲಿದು, ಬೇಯಿಸಿ, ಒಣಗಿಸಿ, ಮೂಟೆ ಕಟ್ಟಿ ಅಂಗಳದ ಮೂಲೆಯಲ್ಲಿಟ್ಟಿದ್ದ ಅಡಿಕೆಯಲ್ಲಿ ಎರಡು ಮೂಟೆ ಬೆಳಗಾಗುವಷ್ಟರಲ್ಲಿ ಇಲ್ಲ. ಮನೆಯ ಯಜಮಾನರಿಗೆ ಊರಿನ ಒಬ್ಬ ಹುಡುಗನ ಮೇಲೆ ಅನುಮಾನ. ಅವನಿಗೆ 22 ವರ್ಷ ಅಂತಿಟ್ಟುಕೊಳ್ಳಿ. ವಯಸ್ಸು ಯಾಕೆ ಮುಖ್ಯ ಅಂದರೆ, 18 ತುಂಬದವರಾದರೆ ಕೇಸು ಈ ಕೋರ್ಟಿಗೆ ಬರುವುದೇ ಇಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. 7 ವರ್ಷದೊಳಗಿನ ಮಗು ಏನೇ ಮಾಡಿದರೂ ಕಾನೂನು ಅದನ್ನು ಅಪರಾಧ ಅನ್ನುವುದಿಲ್ಲ.

ಯಜಮಾನರು ಠಾಣೆಗೆ ಹೋಗಿ ದೂರು ಬರೆದುಕೊಟ್ಟರು. ಇಂಥ ಕಳ್ಳತನ ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಶುರು ಮಾಡಬಹುದಾದ ಅಪರಾಧ. ಇಂಥ ಅಪರಾಧ ದೂರಿನಲ್ಲಿ ಕಂಡರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಈಗಿನ ಕಾನೂನು ಒಂದು ಸಣ್ಣ ಅವಕಾಶ ಇಟ್ಟಿದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಬೇರೆ ಠಾಣೆ ವ್ಯಾಪ್ತಿಯ ಘಟನೆಯಾದರೂ ಝೀರೋ ಎಫ್‌ಐಆರ್ ಬರೆದುಕೊಂಡು ಆ ಠಾಣೆಗೆ ಕಳಿಸಬೇಕು. ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಇದನ್ನೆಲ್ಲ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಮನೆಯಲ್ಲೇ ಒಮ್ಮೆ ಮೊಬೈಲ್ ಕಳುವಾದಾಗ ಠಾಣೆಯವರು ಒಂದು ಸ್ವೀಕೃತಿ ಚೀಟಿ ಕೈಗೆ ಕೊಟ್ಟು "ಸಿಕ್ಕರೆ ಹೇಳ್ತೀವಿ" ಅಂದರು. ಅದನ್ನೇ ಎಫ್‌ಐಆರ್ ಅಂದುಕೊಂಡು ನಾವು ವಾಪಸ್ ಬಂದಿದ್ದೆವು. ಚೀಟಿ ಬೇರೆ, ಎಫ್‌ಐಆರ್ ಬೇರೆ. ಎಫ್‌ಐಆರ್‌ಗೆ ಕ್ರೈಂ ನಂಬರ್ ಇರುತ್ತದೆ, ಯಾವ ಕಲಂ ಅಂತ ಬರೆದಿರುತ್ತದೆ, ಅದರ ಒಂದು ಪ್ರತಿ ಕೋರ್ಟಿಗೆ ಹೋಗುತ್ತದೆ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಲಿಖಿತ ದೂರು ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಇನ್ನು ಕಲಂ ವಿಷಯ. 2024ರ ಜುಲೈ 1ರಿಂದ ದೇಶದಲ್ಲಿ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ. 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಹೆಸರು ನೋಡಿ ಹೆದರಬೇಡಿ. ಮೊದಲನೆಯದು ಯಾವುದು ಅಪರಾಧ, ಎಷ್ಟು ಶಿಕ್ಷೆ ಅಂತ ಹೇಳುತ್ತದೆ. ಎರಡನೆಯದು ಪೊಲೀಸರು, ಕೋರ್ಟು ಹೇಗೆ ನಡೆದುಕೊಳ್ಳಬೇಕು ಅಂತ. ಮೂರನೆಯದು ಏನನ್ನು ಸಾಕ್ಷ್ಯ ಅಂತ ಒಪ್ಪಬಹುದು ಅಂತ. ಕೊಲೆಯ 302 ಈಗ 103 ಆಗಿದೆ. ನಾವು ಮಾತಿನಲ್ಲಿ "ಅವನೊಬ್ಬ 420" ಅಂತೀವಲ್ಲ, ಆ ವಂಚನೆ ಈಗ 318ರಲ್ಲಿದೆ. ಹಾಗಂತ ಹಳೆ ನಂಬರ್‌ಗಳನ್ನು ಮರೆಯುವ ಹಾಗಿಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೃತ್ಯಕ್ಕೆ ಹಳೆ ದಂಡ ಸಂಹಿತೆಯೇ ಅನ್ವಯ. ಕೃತ್ಯ ನಡೆದ ದಿನ ಯಾವ ಕಾನೂನು ಇತ್ತೋ ಅದರಂತೆಯೇ ತಪ್ಪನ್ನು ಅಳೆಯಬೇಕು ಅಂತ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಹಾಗಾಗಿ ಇನ್ನೂ ಬಹಳ ವರ್ಷ ಎರಡೂ ಪುಸ್ತಕಗಳು ವಕೀಲರ ಮೇಜಿನ ಮೇಲಿರುತ್ತವೆ.

ನಮ್ಮ ಅಡಿಕೆಗೆ ಅನ್ವಯಿಸುವುದು ನ್ಯಾಯ ಸಂಹಿತೆಯ 303. ಅದರ ಪ್ರಕಾರ ಕಳ್ಳತನ ಆಗಬೇಕಾದರೆ ವಸ್ತು ಚರವಾಗಿರಬೇಕು, ಇನ್ನೊಬ್ಬರ ವಶದಲ್ಲಿರಬೇಕು, ಅವರ ಒಪ್ಪಿಗೆ ಇರಬಾರದು, ಅದನ್ನು ಜಾಗದಿಂದ ಸರಿಸಿರಬೇಕು, ಸರಿಸುವಾಗ ಮನಸ್ಸಿನಲ್ಲಿ ಮೋಸದ ಉದ್ದೇಶ ಇರಬೇಕು. ಕೊನೆಯದನ್ನು ವಿದ್ಯಾರ್ಥಿಗಳು ಸುಲಭವಾಗಿ ಮರೆಯುತ್ತಾರೆ. ಪಕ್ಕದ ಮನೆಯವರು ಕತ್ತಲಲ್ಲಿ ತಮ್ಮದೇ ಮೂಟೆ ಅಂದುಕೊಂಡು ಹೊತ್ತೊಯ್ದಿದ್ದರೆ ಮೂಟೆ ಹೋಗಿದ್ದು ನಿಜ, ಆದರೆ ಅದು ಕಳ್ಳತನ ಆಗುವುದಿಲ್ಲ. ಕ್ರಿಮಿನಲ್ ಕಾನೂನಿನಲ್ಲಿ ಬಹುಪಾಲು ಅಪರಾಧಗಳಿಗೆ ಕೈಯ ಕೆಲಸ, ಮನಸ್ಸಿನ ಉದ್ದೇಶ ಎರಡೂ ಸೇರಬೇಕು. ಶಿಕ್ಷೆ 3 ವರ್ಷದವರೆಗೆ. ಅಂಗಳದ ಬದಲು ಮನೆಯೊಳಗೆ ನುಗ್ಗಿ ಕದ್ದಿದ್ದರೆ ಕಲಂ 305, ಶಿಕ್ಷೆ 7 ವರ್ಷದವರೆಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದವರಿಗೆ ಸಮುದಾಯ ಸೇವೆಯ ಶಿಕ್ಷೆ. ಇದು ಹೊಸ ಕಾನೂನಿನಲ್ಲಿ ಬಂದಿದ್ದು, ನನಗೆ ತುಂಬಾ ಹಿಡಿಸಿದ ಬದಲಾವಣೆ.

ಈಗ ಪೊಲೀಸರು ಆ ಹುಡುಗನನ್ನು ಹಿಡಿದರು ಅಂತಿಟ್ಟುಕೊಳ್ಳಿ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಎಳೆದುಕೊಂಡು ಹೋಗುವ ಹಾಗಿಲ್ಲ. ಬಂಧನ ಯಾಕೆ ಬೇಕು ಅಂತ ಕಾರಣ ಬರೆದಿಡಬೇಕು, ಬೇಡವಾದರೆ ಹಾಜರಾಗಲು ನೋಟಿಸ್ ಕೊಡಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಈ 24 ಗಂಟೆ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಬಂಧಿಸಿದವರು ಬೇರೆ, ಬಂಧನ ಸರಿಯೇ ಅಂತ ನೋಡುವವರು ಬೇರೆ ಇರಲಿ ಅನ್ನುವುದಕ್ಕೇ ಈ ನಿಯಮ. ಮ್ಯಾಜಿಸ್ಟ್ರೇಟರು ಹುಡುಗನನ್ನು ನೇರವಾಗಿ ಕೇಳುತ್ತಾರೆ: ಪೊಲೀಸರು ಹೊಡೆದರಾ? ಮನೆಯವರಿಗೆ ತಿಳಿಸಿದ್ದಾರಾ? ವಕೀಲರಿದ್ದಾರಾ? ವಕೀಲರನ್ನಿಡಲು ದುಡ್ಡಿಲ್ಲ ಅಂದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತವಾಗಿ ಕೊಡಬೇಕು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ.

"ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ" ಅಂತ ಪೇಪರಿನಲ್ಲಿ ಓದುತ್ತೀವಲ್ವಾ? ಕೋರ್ಟಿನಲ್ಲಿ ಆ ತಪ್ಪೊಪ್ಪಿಗೆಗೆ ಬೆಲೆ ಇಲ್ಲ. ಏಟಿಗೆ ಹೆದರಿ ಯಾರು ಏನನ್ನಾದರೂ ಒಪ್ಪಿಕೊಳ್ಳಬಹುದು ಅನ್ನುವ ಅರಿವು 1872ರ ಕಾಯ್ದೆಯಲ್ಲೇ ಇತ್ತು, ಹೊಸ ಅಧಿನಿಯಮದ 23ನೇ ಕಲಮಿನಲ್ಲೂ ಉಳಿದಿದೆ. ಒಂದೇ ಒಂದು ಕಿಂಡಿ ಇದೆ. ಹುಡುಗ "ಮೂಟೆಗಳನ್ನು ಹಳೇ ಶೆಡ್ಡಿನ ಹಿಂದೆ ಇಟ್ಟಿದ್ದೀನಿ" ಅಂದು, ಆ ಮಾತಿನಿಂದಲೇ ಮೂಟೆ ಸಿಕ್ಕರೆ, ಮಾಲು ಸಿಗಲು ಕಾರಣವಾದ ಅಷ್ಟು ಮಾತನ್ನು ಮಾತ್ರ ಕೋರ್ಟ್ ತೆಗೆದುಕೊಳ್ಳಬಹುದು. "ನಾನೇ ಕದ್ದೆ" ಅನ್ನುವ ಭಾಗವನ್ನು ಬಿಟ್ಟುಬಿಡಬೇಕು. ಬಾಯಿ ಬಿಡಿಸಲು ಮಂಪರು ಪರೀಕ್ಷೆ ಮಾಡಿಸಬಹುದಲ್ಲ ಅಂತ ಕೇಳುವವರಿಗೆ ಉತ್ತರ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದಲ್ಲಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಮೂಟೆ ಸಿಕ್ಕ ಜಾಗದಲ್ಲಿ ಪಂಚರ, ಅಂದರೆ ಪೊಲೀಸರು ಸಾಕ್ಷಿಗೆ ಕರೆಸಿದ ಸ್ಥಳೀಯರ, ಸಮ್ಮುಖದಲ್ಲಿ ಮಹಜರು ಬರೆಯುತ್ತಾರೆ. ಎಲ್ಲಿ ಸಿಕ್ಕಿತು, ಎಷ್ಟು ತೂಕ, ಚೀಲ ಹೇಗಿತ್ತು, ಎಷ್ಟು ಗಂಟೆಗೆ ಅಂತ. ಈಗ ಶೋಧ ಮತ್ತು ಜಪ್ತಿಯ ವಿಡಿಯೋ ಮಾಡುವುದೂ ಕಡ್ಡಾಯ, ಮೊಬೈಲ್‌ನಲ್ಲಿ ಮಾಡಿದರೂ ಆಗುತ್ತದೆ. ಮಾಲು ಕೇಸು ಮುಗಿಯುವ ತನಕ ಠಾಣೆಯಲ್ಲೇ ಕೊಳೆಯಬೇಕಿಲ್ಲ. ಯಜಮಾನರು ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು, ಮಧ್ಯಂತರವಾಗಿ ಬಿಡಿಸಿಕೊಳ್ಳಬಹುದು. ಎಷ್ಟೋ ಠಾಣೆಗಳ ಮುಂದೆ ಬಳ್ಳಿ ಹಬ್ಬಿದ ಬೈಕುಗಳನ್ನು ನೋಡಿದಾಗೆಲ್ಲ, ಇವುಗಳಲ್ಲಿ ಎಷ್ಟನ್ನು ಅದರ ಮಾಲೀಕರು ಬಿಡಿಸಿಕೊಳ್ಳಬಹುದಿತ್ತೋ ಅಂತ ಸಂಕಟ ಆಗುತ್ತದೆ.

ಜಾಮೀನಿನ ಬಗ್ಗೆ ಜಾಸ್ತಿ ಗೊಂದಲ ಇರುವುದು "ಜಾಮೀನು ರಹಿತ ಅಪರಾಧ" ಅನ್ನುವ ಮಾತಿನಲ್ಲಿ. ಜಾಮೀನೇ ಸಿಗುವುದಿಲ್ಲ ಅಂತ ಅದರ ಅರ್ಥ ಅಲ್ಲ. ಜಾಮೀನು ಸಹಿತ ಅಪರಾಧದಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಸಿಗುತ್ತದೆ. ಜಾಮೀನು ರಹಿತದಲ್ಲಿ ಕೊಡಬೇಕೋ ಬೇಡವೋ ಅನ್ನುವುದು ಕೋರ್ಟಿನ ವಿವೇಚನೆ. ಓಡಿ ಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಹಿಂದೆ ಕೇಸುಗಳಿವೆಯಾ ಅಂತ ನೋಡಿ ಕೊಡುತ್ತಾರೆ. ನಮ್ಮ ಅಡಿಕೆ ಕೇಸು ಈ ಎರಡನೆಯ ಬಗೆಯದು. ಜಾಮೀನು ಮಂಜೂರಾದರೂ ಶ್ಯೂರಿಟಿ ಬೇಕು. ಹಳ್ಳಿ ಕಡೆ ಪಹಣಿ ಹಿಡಿದುಕೊಂಡು ಬಂದು ಜಾಮೀನು ನಿಲ್ಲುವವರು ಬೇಕು. ಜಮೀನಿಲ್ಲದ ಮನೆಯ ಹುಡುಗನಿಗೆ ಜಾಮೀನು ಆದೇಶ ಕೈಗೆ ಬಂದ ಮೇಲೂ ಜೈಲಿನಿಂದ ಹೊರಬರುವುದು ಕಷ್ಟ ಆಗುವುದು ಇಲ್ಲೇ. ಮತ್ತೊಂದು ಗಡುವೂ ಇದೆ. ಇಂಥ ಕೇಸಿನಲ್ಲಿ 60 ದಿನದೊಳಗೆ ತನಿಖೆ ಮುಗಿಸಿ ಆರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಕೊಲೆಯಂಥ ದೊಡ್ಡ ಅಪರಾಧಗಳಲ್ಲಿ ಇದು 90 ದಿನ.

ತನಿಖೆ ಮುಗಿದ ಮೇಲೆ ಪೊಲೀಸರ ವರದಿ. ಸಾಕ್ಷ್ಯ ಇದ್ದರೆ ಆರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್. ದೂರು ಸುಳ್ಳು ಅಥವಾ ಹುರುಳಿಲ್ಲ ಅಂತ ಕಂಡರೆ ಬಿ ರಿಪೋರ್ಟ್. ಕಳ್ಳತನ ನಿಜ, ಆದರೆ ಕಳ್ಳ ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಬಿ ರಿಪೋರ್ಟ್ ಹಾಕಿದರು ಅಂದರೆ ಕಥೆ ಮುಗಿಯಿತು ಅಂತಲ್ಲ. ದೂರುದಾರರು ತಕರಾರು ಅರ್ಜಿ ಹಾಕಬಹುದು, ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟಿದ್ದು.

ಈಗ ಕೇಸು ಯಾವ ಕೋರ್ಟಿಗೆ? ತಾಲ್ಲೂಕಿನಲ್ಲಿ ನೀವು ನೋಡುವ ಸಿವಿಲ್ ನ್ಯಾಯಾಧೀಶರೇ ಜೆಎಂಎಫ್‌ಸಿ ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೂಡ ಆಗಿರುತ್ತಾರೆ. ಬೆಳಿಗ್ಗೆ ಜಮೀನು ಭಾಗದ ದಾವೆ, ಸ್ವಲ್ಪ ಹೊತ್ತಿಗೆ ಹೊಡೆದಾಟದ ಕೇಸು, ಒಂದೇ ಪೀಠದಲ್ಲಿ. ಅವರು 3 ವರ್ಷದವರೆಗೆ ಜೈಲು ಶಿಕ್ಷೆ ಕೊಡಬಹುದು. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ. ಕೊಲೆಯಂಥ ಪ್ರಕರಣಗಳನ್ನು ಜಿಲ್ಲಾ ಸೆಷನ್ಸ್ ನ್ಯಾಯಾಲಯ ವಿಚಾರಿಸುತ್ತದೆ. ಅಲ್ಲಿ ಮರಣದಂಡನೆ ಕೊಟ್ಟರೂ ಹೈಕೋರ್ಟ್ ದೃಢಪಡಿಸುವ ತನಕ ಜಾರಿಯಾಗುವುದಿಲ್ಲ. ನಮ್ಮದು ಜೆಎಂಎಫ್‌ಸಿ ಕೇಸು.

ಕೇಸಿನ ಹೆಸರು ನೋಡಿ: "ಕರ್ನಾಟಕ ರಾಜ್ಯ" ಒಂದು ಕಡೆ, ಹುಡುಗ ಇನ್ನೊಂದು ಕಡೆ. ಯಜಮಾನರ ಹೆಸರೇ ಇಲ್ಲ! ಅಡಿಕೆ ಹೋಗಿದ್ದು ಅವರದ್ದು, ಆದರೆ ಅಪರಾಧವನ್ನು ಕಾನೂನು ಇಡೀ ಸಮಾಜದ ಮೇಲಿನ ತಪ್ಪು ಅಂತ ನೋಡುತ್ತದೆ. ಹಾಗಾಗಿ ಕೇಸು ನಡೆಸುವುದು ಸರ್ಕಾರ, ವಾದಿಸುವುದು ಸಹಾಯಕ ಸರ್ಕಾರಿ ಅಭಿಯೋಜಕರು. ಕೋರ್ಟಿನವರ ಬಾಯಲ್ಲಿ ಅವರು ಎಪಿಪಿ. ಯಜಮಾನರು ಕಾಗದದಲ್ಲಿ ಚಾಸಾ-1, ಅಂದರೆ ಚಾರ್ಜ್‌ಶೀಟಿನ ಒಂದನೇ ಸಾಕ್ಷಿ. ಸಿವಿಲ್ ದಾವೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ದಾವೆಯಲ್ಲಿ ನೀವೇ ವಾದಿ, ಬೇಡವಾದರೆ ಹಿಂಪಡೆಯಬಹುದು. ಕ್ರಿಮಿನಲ್ ಕೇಸಿನಲ್ಲಿ ಕಾನೂನು ಪಟ್ಟಿ ಮಾಡಿದ ಅಪರಾಧಗಳಿಗೆ ಮಾತ್ರ ರಾಜಿ. ಕೊಲೆಗೆ ರಾಜಿ ಇಲ್ಲ.

ವಿಚಾರಣೆಯ ದಿನ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಜವಾನರು ಬಾಗಿಲಿಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾರೆ. ಯಜಮಾನರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾರೆ. ಬಿಡಬೇಕು ಅಂತ ಯಾರೂ ಹೇಳಿರುವುದಿಲ್ಲ, ಆದರೂ ಬಿಡುತ್ತಾರೆ. ಕಟಕಟೆ ಹತ್ತಿ ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡುತ್ತಾರೆ. ಎಪಿಪಿ ಕೇಳುತ್ತಾರೆ, ಅವರು ಹೇಳುತ್ತಾರೆ, ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ದೂರಿನ ಪ್ರತಿಗೆ ನಿಪಿ-1, ಅಂದರೆ ಸರ್ಕಾರದ ಪರವಾದ ಒಂದನೇ ದಾಖಲೆ, ಅಂತ ಗುರುತು ಬೀಳುತ್ತದೆ. ಇದು ಮುಖ್ಯ ವಿಚಾರಣೆ.

ಆಮೇಲೆ ಆರೋಪಿ ಪರ ವಕೀಲರು ಏಳುತ್ತಾರೆ. ಪಾಟಿ ಸವಾಲು. ನಮ್ಮ ಕೇಸಿನಲ್ಲಿ ಪ್ರಶ್ನೆಗಳು ಹೀಗಿರಬಹುದು.

"ನಿಮ್ಮ ಊರಿನಲ್ಲಿ ಎಷ್ಟು ಮನೆಯವರು ಅಡಿಕೆ ಬೆಳೀತಾರೆ?"

"ಎಲ್ಲರೂ ಬೆಳೀತಾರೆ ಸ್ವಾಮಿ."

"ಒಣಗಿಸಿದ ಮೇಲೆ ನಿಮ್ಮ ಅಡಿಕೆ, ಪಕ್ಕದ ಮನೆ ಅಡಿಕೆ ಬೇರೆ ಬೇರೆ ಕಾಣುತ್ತಾ?"

"ಇಲ್ಲ. ಆದರೆ ಚೀಲದ ಬಾಯಿ ಕೆಂಪು ದಾರದಲ್ಲಿ ಹೊಲಿದಿದ್ದೆ."

"ಕೆಂಪು ದಾರದ ವಿಷಯ ದೂರಿನಲ್ಲಿ ಬರೆಸಿದ್ದೀರಾ?"

ಯಜಮಾನರು ಸುಮ್ಮನಾಗುತ್ತಾರೆ. ಬರೆಸಿಲ್ಲ. ಅಲ್ಲಿಗೆ ಕೇಸಿನ ಒಂದು ಕಾಲು ಅಲುಗಾಡಿತು. ಕೊನೆಗೆ ವಕೀಲರು "ದ್ವೇಷದಿಂದ ಸುಳ್ಳು ಹೇಳುತ್ತಿದ್ದೀರಿ" ಅಂತ ಹಾಕುವ ಸವಾಲಿಗೆ ಅವರು ಇಲ್ಲ ಅಂದರೆ, ದಾಖಲೆಯಲ್ಲಿ "ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಬರುತ್ತದೆ. ನಮ್ಮ ಕೋರ್ಟುಗಳ ಈ ಕನ್ನಡಕ್ಕೆ ಒಗ್ಗಿಕೊಳ್ಳಲು ಹೊಸಬರಿಗೆ ಸ್ವಲ್ಪ ದಿನ ಬೇಕು. ಹೇಳಿಕೆಯನ್ನು ಓದಿ ಹೇಳಿ, ಸರಿ ಇದೆ ಅಂತ ಒಪ್ಪಿದ ಮೇಲೆ ಸಹಿ.

ಮುಂದಿನ ವಾಯಿದೆಗೆ ಮಹಜರಿನ ಪಂಚರು ಬಂದರು. ಒಬ್ಬರು "ನನ್ನನ್ನು ಠಾಣೆಗೆ ಕರೆದರು, ಸಹಿ ಮಾಡು ಅಂದರು, ಮಾಡಿದೆ, ಶೆಡ್ಡಿನ ಹತ್ತಿರ ನಾನು ಹೋಗಿಲ್ಲ" ಅಂದುಬಿಟ್ಟರು. ಇದಕ್ಕೇ ಪ್ರತಿಕೂಲ ಸಾಕ್ಷಿ ಅನ್ನುವುದು. ಆಗ ಎಪಿಪಿಯೇ ತಮ್ಮ ಸಾಕ್ಷಿಗೆ ಪಾಟಿ ಸವಾಲು ಹಾಕಲು ಅನುಮತಿ ಕೇಳುತ್ತಾರೆ. ಇಂಥ ಕಡೆ ವಿಡಿಯೋ ಇದ್ದರೆ ಎಷ್ಟು ಉಪಯೋಗ ಅಂತ ನೀವೇ ಯೋಚಿಸಿ. ಕೊನೆಯಲ್ಲಿ ನ್ಯಾಯಾಧೀಶರು ಸಾಕ್ಷ್ಯಗಳನ್ನು ಆರೋಪಿಗೆ ವಿವರಿಸಿ, ನಿನ್ನ ಉತ್ತರ ಏನು ಅಂತ ಕೇಳುತ್ತಾರೆ. ಅವನು ಸುಮ್ಮನಿದ್ದರೂ ತಪ್ಪಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ.

ತೀರ್ಪು: ಬಿಡುಗಡೆ. ಸಂಶಯದ ಲಾಭ ಆರೋಪಿಗೆ.

ಯಜಮಾನರಿಗೆ ಹೊಟ್ಟೆ ಉರಿಯುತ್ತದೆ. "ಹಾಗಾದ್ರೆ ನನ್ನ ಅಡಿಕೆ ಕದ್ದವರು ಯಾರು?" ಇದು ನ್ಯಾಯವಾದ ಪ್ರಶ್ನೆಯೇ. ಆದರೆ ಕೋರ್ಟಿನ ಮುಂದಿದ್ದ ಪ್ರಶ್ನೆ ಬೇರೆ. ಈ ಹುಡುಗ ಕದ್ದ ಅಂತ ಸಮಂಜಸವಾದ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಸರ್ಕಾರ ಸಾಬೀತು ಮಾಡಿದೆಯಾ? ಸಾಬೀತು ಮಾಡುವ ಹೊಣೆ ಪೂರ್ತಿ ಸರ್ಕಾರದ್ದು. ಸಿವಿಲ್ ದಾವೆಯಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಅಂತ ತೂಗಿದರೆ ಸಾಕು. ಇಲ್ಲಿ ಸೋತವರು ಜೈಲಿಗೆ ಹೋಗುವುದರಿಂದ ತೂಕದ ಕಲ್ಲು ದೊಡ್ಡದು. ಹಾಗಂತ ಇದೇ ಕೇಸು ಬೇರೆ ರೀತಿ ತಿರುಗಬಹುದಿತ್ತು. ದೂರಿನಲ್ಲಿ ಕೆಂಪು ದಾರ ಇದ್ದಿದ್ದರೆ, ಕಳವಾದ ಮರುದಿನವೇ ಮೂಟೆ ಅವನ ಬಳಿ ಸಿಕ್ಕಿದ್ದರೆ, ಅದು ಹೇಗೆ ಬಂತು ಅಂತ ಅವನು ವಿವರಣೆ ಕೊಡದಿದ್ದರೆ, ಅವನೇ ಕದ್ದ ಅಥವಾ ಕದ್ದ ಮಾಲು ಅಂತ ತಿಳಿದೇ ಇಟ್ಟುಕೊಂಡ ಅಂತ ಕೋರ್ಟ್ ಊಹಿಸಲು ಕಾನೂನಿನಲ್ಲಿ ಅವಕಾಶ ಇದೆ. ಗೊತ್ತಿದ್ದೂ ಕೊಂಡ ವ್ಯಾಪಾರಿಯೂ ಕಲಂ 317ರಲ್ಲಿ ಆರೋಪಿಯಾಗುತ್ತಾನೆ. ಶಿಕ್ಷೆಯಾಗಿದ್ದರೂ, ಮೊದಲ ತಪ್ಪು ಅಂತ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆಯ ನಡತೆಯ ಬಾಂಡ್ ಬರೆಸಿ ಬಿಡಬಹುದಿತ್ತು.

ಬಿಡುಗಡೆಯೇ ಕೊನೆ ಅಲ್ಲ. ಅಪರಾಧದಿಂದ ನೊಂದವರಿಗೂ ಮೇಲ್ಮನವಿ ಹಕ್ಕಿದೆ, ಯಜಮಾನರು ಶಿವಮೊಗ್ಗದ ಸೆಷನ್ಸ್ ಕೋರ್ಟಿಗೆ ಹೋಗಬಹುದು. ಶಿಕ್ಷೆಯಾಗಿದ್ದರೆ ಹುಡುಗನೂ ಅಲ್ಲಿಗೇ ಹೋಗುತ್ತಿದ್ದ. ಅದರ ಮೇಲೆ ಹೈಕೋರ್ಟ್. ಬೆಂಗಳೂರಿನ ಅಠಾರ ಕಚೇರಿಯ ಕೆಂಪು ಕಟ್ಟಡದಲ್ಲಿ ಪ್ರಧಾನ ಪೀಠ ಇದೆ. ಧಾರವಾಡ, ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಬಂದು, 2013ರಲ್ಲಿ ಕಾಯಂ ಆದವು. ಶಿವಮೊಗ್ಗದ ಕೇಸುಗಳು ಬೆಂಗಳೂರಿಗೇ ಹೋಗುತ್ತವೆ. ಅದರಾಚೆ ದೆಹಲಿಯ ಸುಪ್ರೀಂ ಕೋರ್ಟ್, ಆದರೆ ಅಲ್ಲಿಗೆ ವಿಶೇಷ ಅನುಮತಿ ಬೇಕು. ಮೇಲೆ ಹೋದಂತೆ ಭಾಷೆಯೂ ಬದಲಾಗುತ್ತದೆ. ಯಜಮಾನರು ಕನ್ನಡದಲ್ಲಿ ಹೇಳಿದ ಕೆಂಪು ದಾರದ ಮಾತು ಹೈಕೋರ್ಟಿನಲ್ಲಿ ಇಂಗ್ಲಿಷಿಗೆ ತಿರುಗುತ್ತದೆ. ಅನುವಾದದಲ್ಲಿ ಒಂದು ಪದ ಜಾರಿದರೂ ಸಾಕ್ಷ್ಯದ ಅರ್ಥ ಜಾರುತ್ತದೆ. ಕಾನೂನು ಓದುವ ಕನ್ನಡದ ಮಕ್ಕಳು ಎರಡೂ ಭಾಷೆಯಲ್ಲಿ ಗಟ್ಟಿಯಾಗಬೇಕು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಒಂದು ಕೆಲಸ ಮಾಡಿ. ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ ಬೆಳಿಗ್ಗೆ ತಾಲ್ಲೂಕು ಕೋರ್ಟಿಗೆ ಹೋಗಿ. ಕೆಲವು ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ. ಮೊಬೈಲ್ ಸ್ವಿಚ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ನಾನು ಮೊದಲ ಸಲ ಹಾಗೆ ಕೂತಿದ್ದ ದಿನ ಕೈಬೇಡಿ ಇಲ್ಲದೆ ಪೊಲೀಸರ ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗನಿಗೆ ನ್ಯಾಯಾಧೀಶರು "ನಿನ್ನ ಪರ ವಕೀಲರು ಇದ್ದಾರೇನಪ್ಪಾ?" ಅಂತ ಕೇಳಿದರು. ಅವನು ತಲೆ ಆಡಿಸಿದ, ಇಲ್ಲ ಅಂತ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, ಕೋರ್ಟಿನಲ್ಲಿದ್ದ ವಕೀಲರ ಕಡೆ ನೋಡಿದರು. ಕಾನೂನು ನೆರವಿನ ವಕೀಲರೊಬ್ಬರು ಎದ್ದು ಬಂದು ಅವನ ಪಕ್ಕ ನಿಂತ ಮೇಲೆಯೇ ಕೇಸು ಮುಂದುವರಿದದ್ದು.